ಹದಿನಾರು ಪ್ಲಸ್ಸಿನ ಮಾರ್ಗದರ್ಶಕ

ನಿಯಮವೆಂದರೆ ನನಗೆ ಪ್ರಾಣ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕಡತ ತಿರುವಿದವನಿಗೆ ಬೇರೆ ಯಾವ ಚಟ ಅಂಟೀತು ಹೇಳಿ? ಮಾವಿನಹಣ್ಣಿಗೆ ಅಂಟಿಸಿದ ಚೀಟಿಯನ್ನೂ ಓದಿಯೇ ಹಣ್ಣು ತಿನ್ನುವ ಪ್ರಾಣಿ ನಾನು. ಟೀವಿಯ ಮೂಲೆಯಲ್ಲಿ ಒಂದು ಕ್ಷಣ ಕಂಡು ಮಾಯವಾಗುವ ವಯಸ್ಸಿನ ಸೂಚನೆಯನ್ನು ದೆಹಲಿಯ ಇಡೀ ಆರ್.ಕೆ.ಪುರಂನಲ್ಲಿ ಶ್ರದ್ಧೆಯಿಂದ ಓದುವವನು ನಾನೊಬ್ಬನೇ ಇರಬೇಕು.

ಹದಿನಾಲ್ಕು ವರ್ಷದ ಮಗಳು ಅನನ್ಯಾ ನೋಡಬೇಕೆಂದು ಹಟ ಹಿಡಿದ ಹಿಂದಿ ಪೊಲೀಸ್ ಸೀರೀಸಿಗೆ ‘ಯು/ಎ ಹದಿನಾರು ಪ್ಲಸ್, ಅಸಭ್ಯ ಭಾಷೆ’ ಎಂದಿತ್ತು. ಎರಡು ವರ್ಷ ಬಿಟ್ಟು ಬಾ ಎಂದೆ. ಕ್ಲಾಸಿನಲ್ಲಿ ಸಬ್ ನೇ ದೇಖ್ ಲಿಯಾ, ತಾನೊಬ್ಬಳೇ ಬಾಕಿ ಎಂದು ಮುಖ ಊದಿಸಿಕೊಂಡವಳು ನನ್ನ ಜೊತೆ ಮಾತೇ ಬಿಟ್ಟಳು. ಶಾಲೆಯ ಸುದ್ದಿಯನ್ನೆಲ್ಲ ಮೊದಲು ನನಗೇ ಹೇಳುತ್ತಿದ್ದ ಮಗಳು! ಮೂರು ದಿನ ನನಗೆ ಅನ್ನ ಸೇರಲಿಲ್ಲ. ಹೆಂಡತಿ ಸುಧಾ ಬೇರೆ, ಇಲ್ಲಿ ಬೇಡ ಅಂದ್ರೆ ಗೆಳತಿ ಮನೇಲಿ ನೋಡ್ತಾಳೆ, ಆಮೇಲೆ ನಿಮ್ಮ ಹತ್ರ ಯಾವುದನ್ನೂ ಹೇಳಲ್ಲ ಎಂದು ಹೆದರಿಸಿದಳು. ನಿಯಮವನ್ನು ಮತ್ತೆ ಓದಿದೆ. ಚಿಕ್ಕವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಂತೆ. ಸರಿ, ಮಾರ್ಗದರ್ಶನ ಮಾಡೋಣ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ರಿಮೋಟ್ ಹಿಡಿದು ಅವಳ ಪಕ್ಕ ಕೂತೆ. ಕೆಟ್ಟ ಮಾತು ಬರುವಷ್ಟರಲ್ಲಿ ಸದ್ದು ಅಡಗಿಸುವುದು ನನ್ನ ಯೋಜನೆ. ಆದರೆ ನನ್ನ ಹಿಂದಿಯೆಲ್ಲ ಕಡತದ್ದು, ಇಲ್ಲವೇ ತರಕಾರಿ ಭಯ್ಯಾನ ಗಾಡಿಯ ಹತ್ತಿರ ಕಲಿತದ್ದು. ಎರಡೂ ಕಡೆ ಯಾರೂ ನನ್ನನ್ನು ಬಾಯಿ ತುಂಬ ಬೈದಿರಲಿಲ್ಲ. ತೆರೆಯ ಮೇಲೆ ಇನ್‌ಸ್ಪೆಕ್ಟರ್ ಬಾಯಿ ತೆರೆದಾಗಲೆಲ್ಲ ನನ್ನ ಹೆಬ್ಬೆರಳು ಗುಂಡಿಯ ಮೇಲೆ. ಗಾಬರಿಯಲ್ಲಿ ಅವನ ‘ನಮಸ್ತೆ’ಯನ್ನೇ ಅಡಗಿಸಿದೆ.

ಆಮೇಲೆ ಅವನು ಕಳ್ಳನ ಮುಂದೆ ನಿಂತು, ದನಿ ತಗ್ಗಿಸಿ, ನಿಧಾನವಾಗಿ ಏನೋ ಹೇಳತೊಡಗಿದ. ಆಹಾ, ಎಷ್ಟು ಗಂಭೀರವಾಗಿ ಬುದ್ಧಿ ಹೇಳುತ್ತಾನೆ ಎಂದು ನಾನು ತಲೆದೂಗಿದೆ. ಮಗಳ ಕಿವಿ ಕೆಂಪಾಯಿತು. ನನ್ನ ಕೈಯಿಂದ ಮೆಲ್ಲಗೆ ರಿಮೋಟ್ ತೆಗೆದುಕೊಂಡು ಸದ್ದು ಅಡಗಿಸಿದಳು.

“ಏನಂದ?” ಎಂದೆ.

ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು.

“ಪಪ್ಪಾ, ನೀವು ದೊಡ್ಡವರಾದ ಮೇಲೆ ಹೇಳ್ತೀನಿ.”

ಮಾತಾಡಿದಳಲ್ಲ, ಅಷ್ಟು ಸಾಕು. ಐವತ್ತೊಂದರ ನಾನು ‘ಅಚ್ಛಾ’ ಎಂದು ಕೈಕಟ್ಟಿ ಕೂತೆ.