ಮಾವನ ಹೊಲದ ಕಾಡಿಗೆ

ನಮ್ಮ ಸೋದರಮಾವನನ್ನು ನಾಲ್ಕು ಜನರ ನಡುವೆ ಕರೆದುಕೊಂಡು ಹೋಗಿ ಮರ್ಯಾದೆ ಉಳಿಸಿಕೊಂಡು ಬಂದವರು ಯಾರಾದರೂ ಇದ್ದರೆ ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ! ಮಾವ ನಿಜಾಮ ಸರಕಾರದ ಬೇಸಾಯದ ಖಾತೆಯಲ್ಲಿದ್ದ. ಜಹೀರಾಬಾದ್, ನಾರಾಯಣಖೇಡ ಕಡೆಯ ಶಾಲಾ ಮಾಸ್ತರರನ್ನು ಕೂಡಿಸಿ ಬೆಳೆಗಳ ರೋಗದ ಪಾಠ ಹೇಳುವುದು ಅವನ ಕೆಲಸ. ಅದನ್ನು ನಾವು ಮಕ್ಕಳಿಗೆ ಹೇಳಬೇಕು. ನಾವು ಅಂದರೆ, ನಾನೂ ಒಬ್ಬ ಮಾಸ್ತರ. ನನ್ನ ಕರ್ಮ ನೋಡಿ!

ಕಾಡಿಗೆ ರೋಗ ಬಂದರೆ ಜೋಳದ ತೆನೆಯಲ್ಲಿ ಕಾಳಿನ ಬದಲು ಕರಿ ಪುಡಿ. ಅಂಥ ತೆನೆಗಳು ಸದಾ ಮಾವನ ಶೇರವಾನಿಯ ಜೇಬಿನಲ್ಲಿ, ಕರವಸ್ತ್ರದ ಜೊತೆಗೆ. ನನಗೆ ಹೆಣ್ಣು ನೋಡಲು ತಾಂಡೂರಿಗೆ ಹೋದಾಗ ಅದೇ ಕರವಸ್ತ್ರದಿಂದ ಮುಖ ಒರೆಸಿಕೊಂಡ. ಬರುವಾಗ ಇಲ್ಲದ ಮೀಸೆ ಹೋಗುವಾಗ ಇತ್ತು. ಸಾಲದ್ದಕ್ಕೆ ಅವರು ಕೊಟ್ಟ ವೀಳ್ಯದೆಲೆಯನ್ನು ಭೂತಗನ್ನಡಿಯಲ್ಲಿ ನೋಡಿ, ಬಳ್ಳಿಗೆ ರೋಗವಿದೆ, ಕಿತ್ತು ಸುಡಿ ಎಂದು ಹೆಣ್ಣಿನ ತಂದೆಗೆ ಉಪದೇಶ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಬಿತ್ತುವ ಮೊದಲು ಬೀಜಕ್ಕೆ ಗಂಧಕದ ಪುಡಿ ಹಚ್ಚಿದರೆ ಕಾಡಿಗೆ ಬಾರದು ಎಂಬುದು ಅವನ ಮಂತ್ರ. ಮಾಸ್ತರರೆಲ್ಲ ಅವನನ್ನು ಗುರುವೆಂದು ಉಸ್ತಾದ್ ಅನ್ನುತ್ತಿದ್ದರು. ಕೊಹೀರಿನ ಮಾಸ್ತರರೊಬ್ಬರು ಅನುಮಾನಪಟ್ಟಾಗ ಎದೆ ತಟ್ಟಿಕೊಂಡ: ನನ್ನ ಹೊಲಕ್ಕೇ ಬನ್ನಿ, ಒಂದು ಕರಿ ತೆನೆ ಸಿಕ್ಕರೂ ನನ್ನನ್ನು ಉಸ್ತಾದ್ ಅನ್ನಬೇಡಿ!

ತೆನೆ ಕಟ್ಟಿದ ಮೇಲೆ ಎಲ್ಲರೂ ಹೋದೆವು. ಹೊಲದ ತುಂಬ ಕಾಡಿಗೆ! ಮಾಸ್ತರರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ನೆಲ ನೋಡಿದೆ. ಇವನ ಅಳಿಯ ನಾನೆಂದು ಎಲ್ಲರಿಗೂ ಗೊತ್ತಿತ್ತಲ್ಲ.

ಮಜ್ಜಿಗೆ ತಂದಿದ್ದ ಅತ್ತೆ ನಮ್ಮಿಬ್ಬರನ್ನೂ ಬೇವಿನ ಮರದ ಹಿಂದೆ ಕರೆದಳು. ಬಿತ್ತುವ ಬೀಜವನ್ನು ಮೊದಲು ದೇವರ ಮುಂದಿಟ್ಟು ಪೂಜಿಸುವುದು ಅವರ ಮನೆಯ ಪದ್ಧತಿ.

"ಬೀಜ ನಾರತಿತ್ತುರಿ. ದೇವ್ರ ಮುಂದ ಹ್ಯಾಂಗ ಇಡ್ಲಿ? ಚಂದಾಗಿ ತೊಳದು, ಒಣಗ್ಸಿ ಇಟ್ಟಿದ್ದೆ," ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಿಜ ಹೇಳಿದರೆ ಮಾವನ ಮಾನ ಉಳಿಯುತ್ತಿತ್ತು. ಆದರೆ ಅತ್ತೆಯ ಕತೆ ಊರೂರಿನ ಶಾಲೆಗಳಲ್ಲಿ ನಗೆಪಾಠವಾಗುತ್ತಿತ್ತು. ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದು ಮಾಸ್ತರರ ಮುಂದೆ ಹೋಗಿ ನಿಂತ.

"ಗಂಧಕ ಹಚ್ಚೂದು ನಾನೇ ಮರ್ತೀನ್ರಿ. ಹಚ್ಚಲಿಲ್ಲಂದ್ರ ಹಿಂಗ ಆಗ್ತದಂತ ಹುಡುಗ್ರಿಗಿ ಹೇಳ್ರಿ."

ಯಾರೋ ನಕ್ಕರು. ಮಾವನ ಕಿವಿ ಕೆಂಪಾದವು. ನಾಚಿಕೆ ನನಗೂ ಆಯಿತು, ಆದರೆ ಅವನ ಬಗ್ಗೆ ಅಲ್ಲ, ನೆಲ ನೋಡುತ್ತ ನಿಂತಿದ್ದ ನನ್ನ ಬಗ್ಗೆ. ಹೋಗಿ ಅವನ ಪಕ್ಕದಲ್ಲಿ ನಿಂತೆ. ಅಂದಿನಿಂದ ಮಾಸ್ತರರು ಅವನನ್ನು ಉಸ್ತಾದ್ ಅನ್ನಲಿಲ್ಲ.

ಮುಂದಿನ ಬಿತ್ತನೆಗೆ ಅತ್ತೆ ಗಂಧಕ ಹಚ್ಚಿದ ಬೀಜವನ್ನೇ ದೇವರ ಮುಂದಿಟ್ಟು, ಮೂಗು ಮುಚ್ಚಿಕೊಳ್ಳದೆ ಆರತಿ ಬೆಳಗಿದಳು.