ದೇವರ ಜಗಲಿಯ ಮೇಲಿನ ವಿಮೆ

ವಿಮೆಯ ಕಾಗದಕ್ಕೆ ದಿನಾ ಊದಿನಕಡ್ಡಿ ಬೆಳಗುವ ಮನುಷ್ಯನನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಹೊಸಪೇಟೆಗೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ಟಿಕೆಟ್ ಇಲ್ಲ!

ಮಾವ ಹಳೆಯ ಬಿಳಿ ಕಾರೊಂದನ್ನು ಕೊಂಡ ವರ್ಷ ಆಯುಧಪೂಜೆಗೆ ಅದರ ಕಾಗದಗಳನ್ನೆಲ್ಲ ದೇವರ ಜಗಲಿಯ ಮೇಲಿಟ್ಟರು. ಪೂಜೆ ಮುಗಿದ ಮೇಲೆ ಉಳಿದವು ಕಾರಿಗೆ ಮರಳಿದವು. ವಿಮೆಯ ಕಾಗದ ಮಾತ್ರ ಇಳಿಯಲಿಲ್ಲ. "ಕಾಯೋ ಕಾಗದ ಅದು. ಕಾಯೋರ ಜೊತಿಗೇ ಇರ್ಲಿ" ಎಂದರು. ಅಂದಿನಿಂದ ಅದಕ್ಕೂ ಹೂವು, ಅರಿಶಿನ, ಕುಂಕುಮ.

ಮೊನ್ನೆ ಗಾದಿಗನೂರಿನ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದರಂತೆ.

"ಇನ್ಶೂರೆನ್ಸ್ ತೋರ್ಸ್ರಿ."

"ದೇವರ ಜಗಲಿ ಮ್ಯಾಗ ಐತ್ರಿ ಸಾಹೇಬ್ರ."

"ತರಸ್ರಿ ಮತ್ತ!"

"ಇವತ್ತು ಮಂಗಳವಾರ. ಇಳಿಸಂಗಿಲ್ರಿ."

ಕೊನೆಗೆ ಮನೆಯಲ್ಲಿದ್ದ ನನಗೆ ಫೋನ್ ಬಂತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನೇ. ಹೆಮ್ಮೆಯಿಂದಲೇ ಹೇಳುತ್ತೇನೆ, ಅದಕ್ಕಾಗಿ ಬೆವರು ಸುರಿಸಿದ್ದೇನೆ. ಆದ್ದರಿಂದ ಕರೆಂಟ್ ಬಿಲ್ಲಿನಿಂದ ಮದುವೆ ಕಾರ್ಡಿನವರೆಗೆ ಅಕ್ಷರವಿರುವುದೆಲ್ಲ ನನ್ನ ಹತ್ತಿರವೇ ಬರುತ್ತದೆ. ಕಾಗದದ ಫೋಟೋ ಕಳಿಸೋಣವೆಂದು ತಾರೀಖಿನ ಮೇಲಿನ ಕುಂಕುಮ ಒರೆಸಿ ನೋಡಿದರೆ, ವಿಮೆ ಮುಗಿದು ಎಂಟು ತಿಂಗಳಾಗಿದೆ!

ಮಾವ ದಂಡ ಕಟ್ಟಿ ಮನೆಗೆ ಬಂದು ನನ್ನ ಮೇಲೇ ಹಾರಾಡಿದರು. "ದಿನಾ ಪೂಜಿ ಮಾಡಿದ್ದು ಹೆಂಗ ಮುಗೀತೈತಿ?"

ಮರುದಿನ ಅಪ್ಪನನ್ನು ಹಂಪಿಗೆ ಕರೆದೊಯ್ಯುವ ಮಾತಾಗಿತ್ತು. ಅಪ್ಪನ ಎಡಗಾಲು ಮಡಚುವುದಿಲ್ಲ, ಬಸ್ಸು ಹತ್ತಲಾರರು. ಆದರೂ ವಿಮೆಯಿಲ್ಲದ ಕಾರು ಹೊರಡಕೂಡದೆಂದು ನಾನು ಕೀಲಿ ಕಿತ್ತಿಟ್ಟುಕೊಂಡು, ಮಾವನಿಗೆ ಪಾಠ ಶುರು ಮಾಡಿದೆ.

"ಥರ್ಡ್ ಪಾರ್ಟಿ ಕಡ್ಡಾಯ ಮಾವ. ಒಂದನೆಯವರು ನೀವು, ಎರಡನೆಯವರು ವಿಮಾ ಕಂಪನಿ, ಮೂರನೆಯವರು ನಿಮ್ಮ ಗಾಡಿ ಬಡಿದು ಗಾಯ ಆದವರು. ಪರಿಹಾರ ಅವರಿಗೆ."

"ಮತ್ತ ನನ್ನ ಗಾಡಿ ನುಜ್ಜುಗುಜ್ಜಾದ್ರ?"

"ಇದರಾಗ ಒಂದು ಪೈಸಾನೂ ಬರಂಗಿಲ್ಲ. ಅದಕ್ಕ ಫುಲ್ ಇನ್ಶೂರೆನ್ಸ್ ಮಾಡಿಸ್ಬೇಕು. ಅದರಾಗ ಎರಡೂ ಇರ್ತಾವು."

"ನನ್ನ ಗಾಡಿದಷ್ಟ ಮಾಡ್ಸು. ಯಾವನೋ ಮೂರನೆಯವಗ ನಾ ಯಾಕ ರೊಕ್ಕ ಕಟ್ಲಿ?"

"ಹಂಗ ಬರಂಗಿಲ್ಲ. ಅದು ಇಲ್ದ ಗಾಡಿ ರಸ್ತೆಗಿಳಿಸಬಾರದು ಅಂತ ಕಾಯ್ದೆ ಐತಿ."

"ಕಾಯ್ದೆ ಬರದವ ಆ ಮೂರನೆಯವನ ಬೀಗ ಇರ್ಬೇಕು!"

ಸಂಡೂರು ರಸ್ತೆಯ ಅದಿರು ಲಾರಿಗಳನ್ನು ನೆನೆದು ಫುಲ್ ಇನ್ಶೂರೆನ್ಸೇ ಇರಲಿ ಎಂದೆ. ಆದರೆ ಕಾರಿಗೆ ವಯಸ್ಸಾಗಿದೆ, ಕಂಪನಿಯವರು ಬೆಲೆ ಕಡಿಮೆ ಹಿಡಿಯುತ್ತಾರೆ ಎಂದೂ ಹೇಳಬೇಕಾಯಿತು. ಮಾವನಿಗೆ ಅವಮಾನವಾಯಿತು.

"ವಯಸ್ಸಾದ್ರ ಬೆಲಿ ಇಲ್ಲೇನು? ಹಂಗಾದ್ರ ನಿಮ್ಮ ಅತ್ತೀಗೂ..."

ಒಳಗಿನಿಂದ ಅತ್ತೆಯ ದನಿ ಬಂತು. "ನನ್ನ ಸುದ್ದಿಗೆ ಬಂದ್ರ ರಾತ್ರಿ ಊಟಾನೂ ಸಿಗಂಗಿಲ್ಲ, ನೋಡ್ರಿ!"

ಮಾವ ದನಿ ತಗ್ಗಿಸಿದರು. ಊಟ ಮುಖ್ಯ ತಾನೇ?

"ಆತು, ಆ ಮೂರನೆಯವ ಯಾರಂತ ನನಗ ಗೊತ್ತಿರಬೇಕೇನು?"

"ಬ್ಯಾಡ. ಸೈಕಲ್ಲಿನವರು, ನಡಕೊಂಡು ಹೋಗೋರು, ಯಾರಾದ್ರೂ ಆಗಬಹುದು."

"ದವಾಖಾನಿ ಖರ್ಚು? ಕಾಲು ಹೋಗಿ ದುಡಿಯಾಕ ಆಗದಿದ್ರ?"

"ಅದಕ್ಕೂ ಪರಿಹಾರ ಕೇಳಬಹುದು ಮಾವ. ಕೋರ್ಟು ಕೊಡಿಸ್ತೈತಿ."

ಮಾವ ಅಂಗಳದಲ್ಲಿ ಎಡಗಾಲು ಚಾಚಿ ಕೂತಿದ್ದ ಅಪ್ಪನ ಕಡೆ ನೋಡಿದರು.

"ನಿಮ್ಮಪ್ಪನ ಸೈಕಲ್ಲಿಗೆ ಬಡಿದ ಟೆಂಪೋದವನ ಕಡೆ ಈ ಕಾಗದ ಇದ್ದಿಲ್ಲ. ಕೊಡಾಕ ಬ್ಯಾರೆ ಏನೂ ಇದ್ದಿಲ್ಲ. ಇದೊಂದು ಇದ್ದಿದ್ರ, ನೀನು ಎರಡು ವರ್ಷ ಕಾಲೇಜು ಬಿಟ್ಟು ಕಂಪ್ಲಿ ಗದ್ಯಾಗ ಭತ್ತದ ನಾಟಿ ಹಚ್ಚಾಕ ಹೋಗತಿದ್ದಿಲ್ಲ. ಹೌದಿಲ್ಲೋ?"

ಆ ಎರಡು ವರ್ಷದ ಲೆಕ್ಕ ನನ್ನೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ.

"ನನ್ನ ಗಾಡಿ ಬರೇ ತಗಡು ಬಿಡವಾ, ಬಡಿಸಿ ನೆಟ್ಟಗ ಮಾಡಸ್ತೀನಿ. ಆ ಮೂರನೆಯವಂದು ಜಲ್ದಿ ಮಾಡ್ಸು."

ಅಂದೇ ಮಾಡಿಸಿದೆ. ಒಂದು ಪ್ರತಿ ಕಾರಿನಲ್ಲಿ, ಒಂದು ಮಾವನ ಫೋನಿನಲ್ಲಿ. ಇನ್ನೊಂದನ್ನು ಅವರು ಜಗಲಿಯ ಮೇಲಿಟ್ಟು, ಬೈಸಿಕೊಳ್ಳುವವರ ಹಾಗೆ ನನ್ನ ಮುಖ ನೋಡಿದರು.

ನಾನು ಬೈಯಲಿಲ್ಲ. ತಾರೀಖು ಬಿಟ್ಟು ಪಕ್ಕಕ್ಕೆ, ನಾನೇ ಕುಂಕುಮ ಇಟ್ಟೆ.