ಕೆಡಿಸುವುದಕ್ಕೆ ಆರು ಇಂಗ್ಲಿಷು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕಳ್ಳರು ಹೆಚ್ಚಿದ್ದಾರೆ ಎಂದು ಮೂರ್ತಪ್ಪ ಆ ಸೋಮವಾರ ತೀರ್ಮಾನಿಸಿದ. ಅಂಗಿಯ ಜೇಬಿನಲ್ಲಿ ಪೆನ್ನಿತ್ತು, ಪೆನ್ನಿಗೆ ಮುಚ್ಚಳವಿರಲಿಲ್ಲ. ಎದೆಯ ಮೇಲೆ ಅಂಗೈ ಅಗಲ ನೀಲಿ ಮಸಿ. ಇಡೀ ಪೆನ್ನು ಬಿಟ್ಟು ಬರೀ ಮುಚ್ಚಳ ಕದಿಯುವವನು ಎಂಥ ಕಳ್ಳ? ‘ತಲೆ ಇಲ್ಲದವನು’ ಎಂದುಕೊಂಡ ಮೂರ್ತಪ್ಪ. (ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು.)

ಮದುವೆಯಲ್ಲಿ ಮಾವ ಕೊಟ್ಟ ಪೆನ್ನು. ಮುಚ್ಚಳಕ್ಕೆ ಬಂಗಾರದ ಬಣ್ಣ. ಆಫೀಸಿನಲ್ಲಿ ಮಾತ್ರ ಅವನು ‘ಬಣ್ಣ’ ಎಂಬುದನ್ನು ಬಿಟ್ಟು ಹೇಳುತ್ತಿದ್ದ.

ಭದ್ರಾವತಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಅವನು ಗುಮಾಸ್ತ. ಹೆಡ್ ಗುಮಾಸ್ತನಾಗಬೇಕಾದರೆ ಬಡ್ತಿ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಇಂಗ್ಲಿಷ್ ಪೇಪರೊಂದಿದೆ ಎಂದು ಗೊತ್ತಾದ ದಿನದಿಂದ ಮೂರ್ತಪ್ಪನ ಮನೆಯಲ್ಲಿ ಯಾರೂ ಸುಖವಾಗಿ ಕನ್ನಡ ಮಾತಾಡುವ ಹಾಗಿರಲಿಲ್ಲ. ಈಗ ಅವನ ಸವಾರಿ ‘ಕಂಟಾಮಿನೇಟ್’ ಎಂಬ ಪದಕ್ಕೆ ಬಂದು ನಿಂತಿತ್ತು. ಅದಕ್ಕೆ ಅಣ್ಣತಮ್ಮಂದಿರು ಐವರು. ಹೊಳೆ ಕೆಟ್ಟರೆ ಪೊಲ್ಯೂಟ್. ಹಾಲಿಗೆ ನೀರು ಬೆರೆಸಿದರೆ ಅಡಲ್ಟರೇಟ್. ಹೆಸರಿಗೆ ಮಸಿ ಹತ್ತಿದರೆ ಟೇಂಟ್. ದೇವರ ಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋದರೆ ಡಿಫೈಲ್. ಅಧಿಕಾರಿ ಕೆಟ್ಟರೆ ಕರಪ್ಟ್. ತಿನ್ನುವ ವಸ್ತು ಕೆಟ್ಟರೆ ನಮ್ಮ ಕಂಟಾಮಿನೇಟ್. ಕನ್ನಡಿಗರೋ, ‘ಕೆಡಿಸು’ ಎಂಬ ಒಂದೇ ಒಂದು ಮಾತಿನಲ್ಲಿ ಇಷ್ಟು ಶತಮಾನ ಸಂಸಾರ ತೂಗಿಸಿದ್ದಾರಲ್ಲ ಎಂದು ಅವನಿಗೆ ಕನಿಕರ.

“ರೀ, ಹಾಲು ಒಡೆದೋಯ್ತು” ಎಂದಳು ಹೆಂಡತಿ ದಾಕ್ಷಾಯಣಿ.

“ಒಡೆದೋಯ್ತು ಅಂದ್ರೆ ಆಯ್ತೇನೇ? ಕಂಟಾಮಿನೇಟ್ ಆಗಿದ್ಯೋ, ಅಡಲ್ಟರೇಟ್ ಆಗಿದ್ಯೋ, ಬಿಡಿಸಿ ಹೇಳು.”

“ಯಾವುದು ಅಂದ್ರೆ ಕಾಫಿ ಆಗುತ್ತೆ? ಅದನ್ನೇ ಹೇಳ್ತೀನಿ.”

ಇಂಥ ಮನೆಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಒಂದು ದೊಡ್ಡ ಭರಣಿ ಕೂತಿತ್ತು. ಒಳಗೆ ಮಾವಿನ ಮಿಡಿ ಉಪ್ಪಿನಕಾಯಿ. ಅದು ದಾಕ್ಷಾಯಣಿಯದಲ್ಲ, ಅವಳ ತಾಯಿ ಕಲ್ಲಮ್ಮನವರದು. ಹೊಳೆಹೊನ್ನೂರಿನ ಮನೆಗೆ ಹೊಸ ಹೆಂಚು ಹೊದಿಸುವ ಕೆಲಸ ನಡೆದಿದ್ದರಿಂದ, ಧೂಳು ಬಿದ್ದೀತೆಂದು ಮಗಳ ಮನೆಯಲ್ಲಿ ತಂದಿಟ್ಟಿದ್ದರು. ಕಿರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅವರ ಎಲೆಯ ತುದಿಗೆ ಬೀಳಬೇಕಾದ ಮಿಡಿ ಅದು. “ಹುಡುಗಿ ರೂಪಕ್ಕೆ ಒಪ್ದಿದ್ರೂ ಉಪ್ಪಿನಕಾಯಿಗೆ ಒಪ್ತಾರೆ ಕಣೇ. ಬಟ್ಟೆ ಬಿಚ್ಬೇಡ, ನಿನ್ನನ್ನ ನಂಬಿ ಇಟ್ಟೋಗ್ತಿದೀನಿ” ಎಂದು ಹೇಳಿ ಹೋಗಿದ್ದರು. ದಾಕ್ಷಾಯಣಿ ಆ ಭರಣಿಯ ಹತ್ತಿರ ಸುಳಿದರೂ ಸೆರಗಿಗೆ ಎರಡು ಸಲ ಕೈ ಒರೆಸಿಕೊಂಡೇ ಸುಳಿಯುತ್ತಿದ್ದಳು.

ಹಿಂದಿನ ಶನಿವಾರ ಮಧ್ಯಾಹ್ನ ಅವಳು ನೀರಿಗೆ ಹೋಗಿದ್ದಾಗ ನಡೆದದ್ದು ಮೂರ್ತಪ್ಪನಿಗೂ ಭರಣಿಗೂ ಮಾತ್ರ ಗೊತ್ತು. ಆರು ಪದ ಉರುಹೊಡೆದ ನಾಲಿಗೆ ಸಪ್ಪಗಾಗಿತ್ತು. ಗೋಡೆಗೆ ನೇತುಹಾಕಿದ್ದ ಸೌಟು ಒದ್ದೆ. ಒದ್ದೆ ಸೌಟು ಹಾಕಿದರೆ ಉಪ್ಪಿನಕಾಯಿ ಕಂಟಾಮಿನೇಟ್ ಆಗುತ್ತದೆಂದು ವಿದ್ಯಾವಂತನಿಗೆ ಹೇಳಿಕೊಡಬೇಕೆ? ಕೈಯಲ್ಲಿದ್ದ ಪೆನ್ನಿನ ಮೈ ಒಣಗಿತ್ತು. ಅದರ ಹಿಂತುದಿಯಿಂದ ತೇಲುವ ಮಿಡಿಯೊಂದನ್ನು ಅಂಚಿಗೆ ತಳ್ಳಿ, ಎರಡು ಬೆರಳಲ್ಲಿ ಎತ್ತಿಕೊಂಡ. ಅದಕ್ಕೂ ಮುಂಚೆ, ಶುದ್ಧವಾಗಿರಲಿ ಎಂದು ಹೂಜಿಯ ನೀರಿನಲ್ಲಿ ಕೈ ತೊಳೆದುಕೊಂಡಿದ್ದ! ರುಚಿ ಎಂಥದೆಂದರೆ ಎರಡನೆಯದೂ ಮೂರನೆಯದೂ ತಾವಾಗಿಯೇ ಬಂದವು. ಅಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದಾಯಿತು. ಬಟ್ಟೆ ಕಟ್ಟಿ, ಪೆನ್ನನ್ನು ನೋಡದೆಯೇ ಒರೆಸಿ ಗೂಟದ ಮೇಲಿನ ಅಂಗಿಯ ಜೇಬಿಗೆ ತುರುಕಿ, ಅವನು ಪುಸ್ತಕ ಹಿಡಿದು ಋಷಿಯಂತೆ ಕೂತ.

ಮುಂದಿನ ಭಾನುವಾರ ಕಲ್ಲಮ್ಮ ಬಸ್ಸಿಳಿದು ಬಂದರು. ಬಂದವರೇ ಕೈ ಒರೆಸಿಕೊಂಡು ಭರಣಿಯ ಬಟ್ಟೆ ಬಿಚ್ಚಿದರು. ಒಳಗೆ ಬೆಳ್ಳಗೆ ಬೂಷ್ಟು, ಹತ್ತಿ ಬಿಡಿಸಿ ಹರಡಿದ ಹಾಗೆ.

“ಅಯ್ಯೋ ಶಿವನೇ! ದಾಕ್ಷಾಯಣೀ, ಒದ್ದೆ ಕೈ ಹಾಕಿದ್ಯೇನೇ?”

“ಇಲ್ಲವ್ವಾ, ನಿನ್ನಾಣೆ. ನಾನು ಬಟ್ಟೇನೇ ಬಿಚ್ಚಿಲ್ಲ.”

“ನೀನು ಬಿಚ್ದಿದ್ರೆ ಅದೇ ಬಿಚ್ಕಂಡು ಸ್ನಾನ ಮಾಡ್ತೇನು? ಭರಣಿ ಕಾಯೋಕೆ ಬರ್ದಿರೋಳು ಸಂಸಾರ ಕಾಯ್ತೀಯ?”

ದಾಕ್ಷಾಯಣಿಯ ಕಣ್ಣು ತುಂಬಿತು. ಪಕ್ಕದ ಮನೆಯ ಜಲಜಮ್ಮ ಸಾರಿನ ಪಾತ್ರೆಯೊಂದಿಗೇ ಬಾಗಿಲಿಗೆ ಬಂದರು. “ನನ್ನ ಕಡೆ ಯಾರೂ ನೋಡ್ಬೇಡಿ ಮಾರಾಯ್ತಿ, ನಾನು ಮೊನ್ನೆ ಕೇಳಿದ್ದು ಬರೀ ಕರಿಬೇವು” ಎಂದರು. ಯಾರೂ ಅವರ ಕಡೆ ನೋಡಿರಲಿಲ್ಲ. ಈಗ ಎಲ್ಲರೂ ನೋಡಿದರು.

ಇಲ್ಲಿ ಮೂರ್ತಪ್ಪ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತನ್ನ ಪೆನ್ನಿನ ಮೈ ಒಣಗಿತ್ತು, ಕೈ ಶುದ್ಧವಾಗಿತ್ತು. ಆದ್ದರಿಂದ ಬೂಷ್ಟಿಗೆ ತಾನು ಕಾರಣನಲ್ಲ ಎಂದು ಅವನಿಗೆ ಗಟ್ಟಿ ನಂಬಿಕೆ. ನ್ಯಾಯಾಧೀಶನ ಗತ್ತಿನಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತ.

“ಅತ್ತೇರೆ, ಜಗಳಕ್ಕೆ ಮುಂಚೆ ಪದ ಸರಿಯಾಗಿರ್ಬೇಕು. ಲಾಭಕ್ಕೋಸ್ಕರ ಬೇಕಂತಲೇ ಕೆಡಿಸಿದ್ರೆ ಅಡಲ್ಟರೇಟ್. ಗೊತ್ತಿಲ್ದೆ ಕೆಟ್ರೆ ಕಂಟಾಮಿನೇಟ್. ಇದು ಕಂಟಾಮಿನೇಟ್. ನಿಮ್ಮ ಮಗಳು ದಡ್ಡಿ, ಕೆಟ್ಟವಳಲ್ಲ.”

ದಾಕ್ಷಾಯಣಿ ಅವನನ್ನು ನೋಡಿದ ನೋಟಕ್ಕೆ ಇಂಗ್ಲಿಷಿನಲ್ಲೂ ಪದವಿಲ್ಲ.

ಕಲ್ಲಮ್ಮ ಒಣಗಿದ ಸೌಟು ತೆಗೆದುಕೊಂಡು, ಮೇಲಿನ ಬೂಷ್ಟು ತೆಗೆದರೆ ತಳದ್ದಾದರೂ ಉಳಿದೀತೇನೋ ಎಂದು ಆಳಕ್ಕೆ ಇಳಿಸಿದರು. ಏನೋ ‘ಠಣ್’ ಎಂದಿತು. ಸೌಟು ಮೇಲೆ ಬಂತು. ಎರಡು ಮಿಡಿ, ಒಂದಿಷ್ಟು ಸಾಸಿವೆ, ಅವುಗಳ ನಡುವೆ ಬಂಗಾರದ ಬಣ್ಣದ ಮುಚ್ಚಳ.

ಮುಚ್ಚಳವನ್ನು ಪೆನ್ನಿನ ಹಿಂತುದಿಗೆ ಸಿಕ್ಕಿಸಿಕೊಂಡು ಬರೆಯುವುದು ತನ್ನ ಅಭ್ಯಾಸವೆಂದು ಮೂರ್ತಪ್ಪನಿಗೆ ಆಗ ನೆನಪಾಯಿತು. ಭದ್ರಾವತಿಯ ರೈಲಿನ ಸಮಸ್ತ ಕಳ್ಳರೂ ಆ ಕ್ಷಣದಲ್ಲಿ ಖುಲಾಸೆಯಾದರು.

“ನಮ್ಮೆಜಮಾನ್ರು ಆರಿಸಿ ತಂದಿದ್ದು” ಎಂದರು ಕಲ್ಲಮ್ಮ, ಮುಚ್ಚಳವನ್ನು ಬೆಳಕಿಗೆ ಹಿಡಿದು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: “ಅಳಿಯಂದ್ರೆ, ನಾವು ಓದ್ದೋರಲ್ಲ. ಬೇಲೀನೇ ಎದ್ದು ಹೊಲ ಮೇಯ್ದ್ರೆ ಇಂಗ್ಲಿಷಲ್ಲಿ ಏನಂತಾರೆ?”

“ಕರಪ್ಟ್” ಎಂದಿತು ಮೂರ್ತಪ್ಪನ ಬಾಯಿ. ಉರುಹೊಡೆದ ಬಾಯಿ, ಯಜಮಾನನನ್ನು ಕೇಳಲಿಲ್ಲ.

ದಾಕ್ಷಾಯಣಿ ಕಣ್ಣೊರೆಸಿಕೊಂಡಳು. “ದಡ್ಡಿ ಅನ್ನೋಕೆ ಎಷ್ಟು ಪದ ಇದೆ ರೀ? ಅದನ್ನೂ ಹೇಳ್ಬಿಡಿ. ದಡ್ಡ ಅನ್ನೋಕೂ ಅವೇ ಆಗ್ತಾವಾ ಅಂತ ನೋಡೋಣ.”

ಜಲಜಮ್ಮ ನಕ್ಕ ರಭಸಕ್ಕೆ ಸಾರು ಚೆಲ್ಲಿತು. ಭರಣಿಯನ್ನು ತಿಪ್ಪೆಗೆ ಸುರಿಯುವ ಕೆಲಸ ಅಳಿಯನ ಪಾಲಿಗೆ ಬಂತು. ಹೇಳೀಕೇಳಿ ಗಂಡಿನ ಕಡೆಯವರಿಗೆ ಬೇರೆಯವರ ಮನೆಯ ಉಪ್ಪಿನಕಾಯಿ ಬಡಿಸಬೇಕಾದ ಅವಮಾನ ಕಲ್ಲಮ್ಮನವರ ಪಾಲಿಗೆ. (ಗಂಡಿನವರು ಒಪ್ಪಿದರು. ಹುಡುಗಿಯನ್ನು ನೋಡಿಯೇ ಒಪ್ಪಿದರೆಂಬುದನ್ನು ಕಲ್ಲಮ್ಮ ಇವತ್ತಿಗೂ ನಂಬುವುದಿಲ್ಲ.)

ಮುಚ್ಚಳವನ್ನು ಎಷ್ಟು ತೊಳೆದರೂ ಇಂಗಿನ ವಾಸನೆ ಹೋಗಲಿಲ್ಲ. ಪರೀಕ್ಷೆಯ ದಿನ ಪೆನ್ನು ಬಿಚ್ಚಿದೊಡನೆ ಕಾವಲಿಗಿದ್ದ ಅಧಿಕಾರಿ ಎರಡು ಸಲ ಉಗುಳು ನುಂಗಿ ಅವನ ಮೇಜನ್ನೇ ಸುತ್ತತೊಡಗಿದರು. ಮೂರನೆಯ ಪ್ರಶ್ನೆ: ಕಂಟಾಮಿನೇಟ್ ಎಂಬ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ. ಹೊಳೆ, ಬಾವಿ, ಔಷಧಿ ಎಂದು ಕಲಿತಿದ್ದ ವಾಕ್ಯಗಳೆಲ್ಲ ಆ ವಾಸನೆಗೆ ಹಾರಿಹೋದವು. ಉಳಿದದ್ದು ಒಂದೇ: ‘ಅಳಿಯನು ಅತ್ತೆಯ ಉಪ್ಪಿನಕಾಯಿಯನ್ನು ಕೆಡಿಸಿದನು.’ ಅದನ್ನೇ ಇಂಗ್ಲಿಷಿನಲ್ಲಿ ಬರೆದ. ಪಾಸಾದ.

ಸುದ್ದಿ ತಂದ ದಿನ ದಾಕ್ಷಾಯಣಿ ಪಾಯಸ ಮಾಡಿದಳು. ಹೊಳೆಹೊನ್ನೂರಿನಿಂದ ಹೊಸದಾಗಿ ಬಂದ ಪುಟ್ಟ ಭರಣಿಯನ್ನು ಬೀಗದ ಪೆಟ್ಟಿಗೆಯಿಂದ ತೆಗೆದು ತಂದಳು. “ಹೆಡ್ ಗುಮಾಸ್ತರು ಇವತ್ತು ತಾವೇ ಬಡಿಸ್ಕಳ್ಳಿ” ಎಂದು ಮುಂದಿಟ್ಟಳು. ಮೂರ್ತಪ್ಪ ಇಷ್ಟು ನಂಬಿಕೆಗೆ ತಾನೂ ಯೋಗ್ಯನಾಗಿರಬೇಕೆಂದು ಎದ್ದು ಹೋಗಿ, ಮೊಣಕೈವರೆಗೂ ಚೆನ್ನಾಗಿ ಕೈ ತೊಳೆದುಕೊಂಡು, ನೀರು ತೊಟ್ಟಿಕ್ಕಿಸುತ್ತಾ ಬಂದು ಕೂತ.

ಭರಣಿ ಅಷ್ಟರಲ್ಲಿ ಪೆಟ್ಟಿಗೆಯೊಳಗೆ ಹೋಗಿ ಬೀಗ ಬಿದ್ದಿತ್ತು.